ಅಲ್ಝೈಮರ್ಸೋ, ಲೆವಿ ಬಾಡಿಯೋ? ಮೆದುಳಿನ ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

"ಸೋಫಾ ಮೇಲೆ ಕೂತಿದ್ದಾನಲ್ಲ, ಆ ಹುಡುಗ ಯಾರು?"

ಎಪ್ಪತ್ತು ದಾಟಿದ ಅಪ್ಪ ಹೀಗೆ ಕೇಳುತ್ತಾರೆ. ಸೋಫಾ ಖಾಲಿ. ಬೆಳಗ್ಗೆ ಪೇಪರ್ ಓದಿ, ಪಿಂಚಣಿ ಲೆಕ್ಕವನ್ನು ತಪ್ಪಿಲ್ಲದೆ ಹೇಳಿದವರು ಮಧ್ಯಾಹ್ನದ ಹೊತ್ತಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಾರೆ. ರಾತ್ರಿ ನಿದ್ದೆಯಲ್ಲೇ ಕೂಗುತ್ತಾರೆ, ಪಕ್ಕದಲ್ಲಿ ಮಲಗಿದವರಿಗೆ ಒದೆಯುತ್ತಾರೆ. ಆದರೆ ವೈದ್ಯರ ಮುಂದೆ ಕೂತಾಗ ಮನೆಯವರ ಬಾಯಲ್ಲಿ ಬರುವುದು ಒಂದೇ ಮಾತು: "ಅಪ್ಪನಿಗೆ ಮರೆವು ಜಾಸ್ತಿಯಾಗಿದೆ." ಎಂಆರ್‌ಐ ಆಗುತ್ತದೆ, 'ವಯಸ್ಸಿಗೆ ತಕ್ಕ ಬದಲಾವಣೆ' ಎಂದು ರಿಪೋರ್ಟ್ ಬರುತ್ತದೆ. ಅಲ್ಝೈಮರ್ಸ್ ಇರಬಹುದು ಎಂಬ ಅಂದಾಜಿನ ಮೇಲೆ ಮಾತ್ರೆ ಶುರುವಾಗುತ್ತದೆ.

ಲೆವಿ ಬಾಡಿ ಡಿಮೆನ್ಶಿಯಾ ಬಹಳಷ್ಟು ಮನೆಗಳಿಗೆ ಕಾಲಿಡುವುದು ಹೀಗೆಯೇ. ಮೆದುಳಿನ ನರಕೋಶಗಳು ನಶಿಸುವುದರಿಂದ ಬರುವ ಡಿಮೆನ್ಶಿಯಾಗಳಲ್ಲಿ ಅಲ್ಝೈಮರ್ಸ್ ನಂತರದ ಸ್ಥಾನ ಇದಕ್ಕೇ ಎಂದು ನರರೋಗ ತಜ್ಞರು ಹೇಳುತ್ತಾರೆ. ಹಾಗಿದ್ದೂ ಹೆಸರು ಕೇಳಿದವರು ಕಡಿಮೆ. ಕೈ ನಡುಗಿದರೆ ಪಾರ್ಕಿನ್ಸನ್, ಮರೆತರೆ ಅಲ್ಝೈಮರ್ಸ್, ಇಲ್ಲದವರು ಕಂಡರೆ ಮಾನಸಿಕ ಕಾಯಿಲೆ ಎಂಬ ಮೂರು ಹಣೆಪಟ್ಟಿಗಳ ನಡುವೆ ಇದು ಕಳೆದುಹೋಗುತ್ತದೆ. ಈ ಗೊಂದಲ ಬಿಡಿಸಲು ಕೆಲವು ವಿಶೇಷ ಸ್ಕ್ಯಾನ್‌ಗಳು ನೆರವಿಗೆ ಬರುತ್ತವೆ. ಆದರೆ ಅವುಗಳಲ್ಲಿ ಯಾವುದೂ ಲೆವಿ ಬಾಡಿಯನ್ನು ನೇರವಾಗಿ ತೋರಿಸುವುದಿಲ್ಲ. ಸ್ಕ್ಯಾನ್ ಮಾಡಿಸುವ ಮೊದಲು ತಿಳಿದಿರಬೇಕಾದ ಸಂಗತಿ ಇದು.

ಹೆಸರು ಯಾವುದಾದರೇನು?

ಎರಡೂ ಪೂರ್ತಿ ವಾಸಿಯಾಗದ ಕಾಯಿಲೆಗಳು. ಹಾಗಿರುವಾಗ ಅಲ್ಝೈಮರ್ಸ್ ಆದರೇನು, ಲೆವಿ ಬಾಡಿ ಆದರೇನು, ಸಾವಿರಾರು ರೂಪಾಯಿಯ ಸ್ಕ್ಯಾನ್ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಇರುವುದು ಔಷಧದ ಚೀಟಿಯಲ್ಲಿ.

ಇಲ್ಲದ ಮನುಷ್ಯರು ಕಾಣುತ್ತಾರೆ, ರಾತ್ರಿ ಗಲಾಟೆ ಮಾಡುತ್ತಾರೆ ಎಂದಾಗ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೊಡುವುದು ಹ್ಯಾಲೊಪೆರಿಡಾಲ್‌ನಂಥ ಮನೋವಿಕಾರ ನಿವಾರಕ ಔಷಧ. ಇದು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆ ಹಾಕುತ್ತದೆ. ಲೆವಿ ಬಾಡಿ ರೋಗಿಯ ಮೆದುಳಿನಲ್ಲಿ ಡೋಪಮಿನ್ ಮೊದಲೇ ಕಡಿಮೆ. ಇರುವಷ್ಟಕ್ಕೂ ತಡೆ ಬಿದ್ದರೆ ಮೈ ಮರದ ಕೊರಡಿನಂತೆ ಸೆಟೆದುಕೊಳ್ಳಬಹುದು, ನುಂಗುವುದು ಕಷ್ಟವಾಗಬಹುದು, ಎಚ್ಚರ ತಪ್ಪಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಬ್ರಿಟನ್ನಿನ ನ್ಯೂಕ್ಯಾಸಲ್‌ನ ವೈದ್ಯ ಇಯಾನ್ ಮೆಕೀತ್ ಮತ್ತು ಸಹೋದ್ಯೋಗಿಗಳು 1992ರಲ್ಲೇ ಈ ಎಚ್ಚರಿಕೆ ಕೊಟ್ಟರು. ಇಂಥ ಔಷಧ ಪಡೆದ ಲೆವಿ ಬಾಡಿ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತೀವ್ರ ಪ್ರತಿಕ್ರಿಯೆಯಾಗಿದ್ದನ್ನು ಅವರು ದಾಖಲಿಸಿದ್ದರು.

ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯದ್ದೂ ಹೀಗೆಯೇ ಒಂದು ಕಥೆ. ಕೈ ನಡುಕ ತುಸು ತಗ್ಗಬಹುದು, ಮನಸ್ಸಿನ ಗೊಂದಲ ಹೆಚ್ಚುತ್ತದೆ. ಇನ್ನೊಂದು ಕಡೆ, ಅಲ್ಝೈಮರ್ಸ್‌ಗೆ ಬಳಸುವ ರಿವಾಸ್ಟಿಗ್ಮಿನ್, ಡೊನೆಪೆಝಿಲ್ ಮಾತ್ರೆಗಳು ಲೆವಿ ಬಾಡಿಯವರಲ್ಲಿ ಗಮನ ಮತ್ತು ಭ್ರಮೆಯ ತೊಂದರೆಗೆ ಸಾಕಷ್ಟು ಉಪಯೋಗಕ್ಕೆ ಬರುತ್ತವೆ. ಜಪಾನ್ 2014ರಲ್ಲಿ ಡೊನೆಪೆಝಿಲ್‌ಗೆ ಈ ಕಾಯಿಲೆಗೆಂದೇ ಅನುಮತಿ ನೀಡಿತು. ಅಂದರೆ ಹೆಸರು ಸರಿಯಾಗಿ ಗೊತ್ತಾದರೆ ಏನು ಕೊಡಬೇಕು ಎನ್ನುವುದಕ್ಕಿಂತ ಏನು ಕೊಡಬಾರದು ಎನ್ನುವುದು ಮೊದಲು ಸ್ಪಷ್ಟವಾಗುತ್ತದೆ.

ಏನಿದು ಲೆವಿ ಬಾಡಿ?

ಜರ್ಮನಿಯ ವೈದ್ಯ ಫ್ರೆಡ್ರಿಕ್ ಲೆವಿ 1912ರಲ್ಲಿ ಪಾರ್ಕಿನ್ಸನ್ ರೋಗಿಗಳ ಮೆದುಳಿನ ಕೋಶಗಳೊಳಗೆ ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಉಂಡೆಗಳನ್ನು ವಿವರಿಸಿದರು. ಅವರು ಮ್ಯೂನಿಕ್‌ನಲ್ಲಿ ಅಲೋಯಿಸ್ ಅಲ್ಝೈಮರ್ ಅವರ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದವರು. ಇಂದು ಒಂದಕ್ಕೊಂದು ತಳಕು ಹಾಕಿಕೊಂಡು ವೈದ್ಯರನ್ನು ಕಾಡುವ ಎರಡು ಕಾಯಿಲೆಗಳ ಹೆಸರು ಒಂದೇ ಪ್ರಯೋಗಾಲಯದಿಂದ ಬಂದಂತಾಯಿತು. ಆ ಉಂಡೆಗಳಿಗೆ 1919ರಲ್ಲಿ ಲೆವಿ ಹೆಸರನ್ನಿಟ್ಟವರು ಕಾನ್‌ಸ್ಟಾಂಟಿನ್ ಟ್ರೆಟಿಯಾಕಾಫ್. ಮೆದುಳಿನ ಹೊರಪದರದಲ್ಲೂ ಇವು ಹರಡಿದರೆ ಡಿಮೆನ್ಶಿಯಾ ಬರುತ್ತದೆ ಎಂಬುದನ್ನು 1976ರಿಂದ ಮುಂದಿನ ವರ್ಷಗಳಲ್ಲಿ ತೋರಿಸಿಕೊಟ್ಟವರು ಜಪಾನಿನ ಕೆಂಜಿ ಕೊಸಾಕಾ. ಉಂಡೆಯ ಮುಖ್ಯ ಭಾಗ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ಎಂದು ಗೊತ್ತಾಗಿದ್ದು 1997ರಲ್ಲಿ.

ಈ ಉಂಡೆಗಳನ್ನು ಕಣ್ಣಾರೆ ಕಂಡು 'ಇದೇ' ಎಂದು ಹೇಳಲು ಸಾಧ್ಯವಾಗುವುದು ಸಾವಿನ ನಂತರ, ಮೆದುಳಿನ ಅಂಗಾಂಶವನ್ನು ಪರೀಕ್ಷಿಸಿದಾಗ. ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ ಅವರಿಗೆ 2014ರ ಮೇ ತಿಂಗಳಲ್ಲಿ ಪಾರ್ಕಿನ್ಸನ್ ಎಂದು ಹೇಳಲಾಗಿತ್ತು. ಅದೇ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಲೆವಿ ಬಾಡಿಗಳು ಮೆದುಳಿನಲ್ಲೆಲ್ಲ ಹರಡಿದ್ದು ಬೆಳಕಿಗೆ ಬಂದದ್ದು ಮರಣೋತ್ತರ ಪರೀಕ್ಷೆಯಲ್ಲಿ. ಪತಿಯ ಕೊನೆಯ ತಿಂಗಳುಗಳ ಭಯ, ಅನುಮಾನ, ನಿದ್ರಾಹೀನತೆಯ ಬಗ್ಗೆ ಸೂಸನ್ ಷ್ನೈಡರ್ ವಿಲಿಯಮ್ಸ್ 2016ರಲ್ಲಿ 'ನ್ಯೂರಾಲಜಿ' ಎಂಬ ವೈದ್ಯಕೀಯ ಪತ್ರಿಕೆಯಲ್ಲೇ ಬರೆದರು. ವೈದ್ಯರು ಓದಬೇಕೆಂದೇ ಬರೆದ ಲೇಖನವದು.

ಮೊದಲು ಲಕ್ಷಣ, ಆಮೇಲೆ ಸ್ಕ್ಯಾನ್

ಜಗತ್ತಿನ ತಜ್ಞರು ಸೇರಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಮಾನದಂಡವೇ ಸದ್ಯ ಎಲ್ಲೆಡೆ ಬಳಕೆಯಲ್ಲಿದೆ. ಅದರ ಪ್ರಕಾರ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಷ್ಟು ಡಿಮೆನ್ಶಿಯಾ ಇರಬೇಕು. ಅದರ ಜೊತೆಗೆ ನೋಡುವುದು ನಾಲ್ಕು ಮುಖ್ಯ ಲಕ್ಷಣಗಳನ್ನು. ಗಂಟೆಗೊಮ್ಮೆ, ದಿನಕ್ಕೊಮ್ಮೆ ಬದಲಾಗುವ ಎಚ್ಚರ ಮತ್ತು ಗಮನ. ಮನುಷ್ಯರು, ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಂಡಂತಾಗುವ ಭ್ರಮೆ, ಅದೂ ಪದೇಪದೇ. ಕನಸಿಗೆ ತಕ್ಕಂತೆ ಕೈಕಾಲು ಆಡಿಸುವ ನಿದ್ದೆ. ಪಾರ್ಕಿನ್ಸನ್ ಮಾದರಿಯ ನಿಧಾನಗತಿ, ಬಿಗಿತ ಅಥವಾ ನಡುಕ. ಇವುಗಳಲ್ಲಿ ಎರಡು ಇದ್ದರೆ ಲೆವಿ ಬಾಡಿ ಡಿಮೆನ್ಶಿಯಾ ಇರುವ ಸಾಧ್ಯತೆ ಬಲವಾಗಿದೆ ಎಂದು ವೈದ್ಯರು ತೀರ್ಮಾನಿಸಬಹುದು. ಸ್ಕ್ಯಾನ್ ಇಲ್ಲದೆಯೂ.

ಸ್ಕ್ಯಾನ್‌ಗೆ ನಿಜವಾದ ಬೆಲೆ ಬರುವುದು ಒಂದೇ ಲಕ್ಷಣ ಇದ್ದಾಗ. ಆಗ ಒಂದು ಲಕ್ಷಣದ ಜೊತೆ ಮಾನದಂಡದಲ್ಲಿ ಹೇಳಿರುವ ಪ್ರಮುಖ ಪರೀಕ್ಷೆಗಳಲ್ಲಿ ಒಂದು ಅಸಹಜವಾಗಿ ಬಂದರೂ ಅದೇ ತೀರ್ಮಾನಕ್ಕೆ ಬರಬಹುದು. ಲಕ್ಷಣವೇ ಇಲ್ಲ, ಬರೀ ಸ್ಕ್ಯಾನ್ ಅಸಹಜ ಎಂದರೆ 'ಇರಲೂಬಹುದು' ಎನ್ನುವುದಕ್ಕಿಂತ ಮುಂದೆ ಹೋಗುವಂತಿಲ್ಲ. ಸೋಫಾ ಮೇಲಿನ ಹುಡುಗನ ವಿಷಯವನ್ನು ಮನೆಯವರು ಮುಜುಗರದಿಂದ ಮುಚ್ಚಿಟ್ಟರೆ, ರಾತ್ರಿಯ ಒದೆತವನ್ನು 'ಅವರದ್ದು ಮೊದಲಿಂದಲೂ ಹಾಗೇ' ಎಂದು ಬಿಟ್ಟರೆ, ಎಷ್ಟು ದುಬಾರಿ ಯಂತ್ರವಿದ್ದರೂ ಪ್ರಯೋಜನವಿಲ್ಲ. ಈ ನಿದ್ದೆಯ ತೊಂದರೆ ಮರೆವಿಗಿಂತ ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಅದನ್ನು ಹೇಳಬಲ್ಲವರು ಸಾಮಾನ್ಯವಾಗಿ ಪತ್ನಿ ಅಥವಾ ಪತಿ ಮಾತ್ರ.

ಎಂಆರ್‌ಐ 'ನಾರ್ಮಲ್' ಎಂದರೆ ಏನರ್ಥ?

ಡಿಮೆನ್ಶಿಯಾ ಅನುಮಾನವಿರುವ ಬಹುತೇಕ ಎಲ್ಲರಿಗೂ ಮೊದಲು ಆಗುವುದು ಸಿಟಿ ಅಥವಾ ಎಂಆರ್‌ಐ. ಇದರ ಮೊದಲ ಕೆಲಸ ಬೇರೆ ಕಾರಣಗಳನ್ನು ಹೊರಗಿಡುವುದು. ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆಯೇ, ಗಡ್ಡೆ ಇದೆಯೇ, ಸಣ್ಣ ಸಣ್ಣ ಸ್ಟ್ರೋಕ್ ಆಗಿವೆಯೇ, ಮೆದುಳಿನ ಕುಹರಗಳಲ್ಲಿ ನೀರು ಹೆಚ್ಚಾಗಿದೆಯೇ ಎಂದು ನೋಡುತ್ತಾರೆ. ಇವುಗಳಲ್ಲಿ ಕೆಲವಕ್ಕೆ ನೇರ ಚಿಕಿತ್ಸೆ ಇದೆ.

ಎರಡನೆಯದು ಸೂಕ್ಷ್ಮ. ಅಲ್ಝೈಮರ್ಸ್‌ನಲ್ಲಿ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗ ಬೇಗ ಕುಗ್ಗುತ್ತದೆ. ಲೆವಿ ಬಾಡಿಯಲ್ಲಿ ಆ ಭಾಗ ಹೋಲಿಕೆಯಲ್ಲಿ ಚೆನ್ನಾಗಿ ಉಳಿದಿರುತ್ತದೆ. ಅಂದರೆ ಇಷ್ಟೆಲ್ಲ ತೊಂದರೆ ಇರುವ ವ್ಯಕ್ತಿಯ ಎಂಆರ್‌ಐನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣದಿರುವುದೇ ಒಂದು ಸುಳಿವು. 'ಎಂಆರ್‌ಐ ನಾರ್ಮಲ್, ಏನೂ ಇಲ್ಲ ಬಿಡಿ' ಎಂದು ಫೈಲ್ ಕಪಾಟಿಗೆ ಸೇರಿಸುವ ಮನೆಗಳು ತಪ್ಪುವುದು ಇಲ್ಲೇ. ಆದರೆ ಇದು ಪೋಷಕ ಸಾಕ್ಷ್ಯವಷ್ಟೇ. ವಯಸ್ಸಾದ ಅನೇಕರಲ್ಲಿ ಎರಡೂ ಕಾಯಿಲೆಗಳು ಒಟ್ಟಿಗೇ ಇರುತ್ತವೆ, ಆಗ ಹಿಪೊಕ್ಯಾಂಪಸ್ ಕೂಡ ಕುಗ್ಗಿರುತ್ತದೆ.

ಅಲ್ಪವಿರಾಮ ಪೂರ್ಣವಿರಾಮವಾದಾಗ

ಲೆವಿ ಬಾಡಿ ವಿಚಾರದಲ್ಲಿ ಹೆಚ್ಚು ಹೆಸರು ಮಾಡಿರುವುದು ಡೋಪಮಿನ್ ಟ್ರಾನ್ಸ್‌ಪೋರ್ಟರ್ ಸ್ಕ್ಯಾನ್. ಮೆದುಳಿನ ಬುಡದಲ್ಲಿರುವ ಒಂದು ಸಣ್ಣ ಕಪ್ಪು ಭಾಗದಿಂದ ಡೋಪಮಿನ್ ನರಗಳು ಹೊರಟು ಸ್ಟ್ರಯೇಟಮ್ ಎಂಬ ಜಾಗದಲ್ಲಿ ಕೊನೆಗೊಳ್ಳುತ್ತವೆ. ಆ ನರತುದಿಗಳು ಡೋಪಮಿನ್ ಬಿಡುಗಡೆ ಮಾಡಿ, ಕೆಲಸ ಮುಗಿದ ಮೇಲೆ ಉಳಿದದ್ದನ್ನು ವಾಪಸ್ ಎಳೆದುಕೊಳ್ಳುತ್ತವೆ. ಹೀಗೆ ಎಳೆದುಕೊಳ್ಳುವ ಪ್ರೋಟೀನೇ ಟ್ರಾನ್ಸ್‌ಪೋರ್ಟರ್. ಅದಕ್ಕೆ ಹೋಗಿ ಅಂಟಿಕೊಳ್ಳುವ, ಅಲ್ಪ ಪ್ರಮಾಣದ ವಿಕಿರಣ ಸೂಸುವ ದ್ರವ್ಯವನ್ನು ರಕ್ತನಾಳಕ್ಕೆ ಚುಚ್ಚಿ, ಕೆಲವು ಗಂಟೆ ಬಿಟ್ಟು ಗಾಮಾ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಾರೆ.

ನರತುದಿಗಳು ಆರೋಗ್ಯವಾಗಿದ್ದರೆ ಚಿತ್ರದ ನಡುವೆ ಎಡಕ್ಕೊಂದು ಬಲಕ್ಕೊಂದು ಹೊಳೆಯುವ ಅಲ್ಪವಿರಾಮ ಚಿಹ್ನೆ ಕಾಣುತ್ತದೆ. ನರತುದಿಗಳು ನಶಿಸಿದ್ದರೆ ಅಲ್ಪವಿರಾಮದ ಬಾಲ ಮಾಯವಾಗಿ ಬರೀ ಚುಕ್ಕೆ, ಅಂದರೆ ಪೂರ್ಣವಿರಾಮ ಉಳಿಯುತ್ತದೆ. ವೈದ್ಯರು ನಿಜಕ್ಕೂ ಹೀಗೇ ಹೇಳುವುದು. ಅಲ್ಝೈಮರ್ಸ್‌ನಲ್ಲಿ ಈ ನರತುದಿಗಳಿಗೆ ಹೆಚ್ಚು ಪೆಟ್ಟು ಬೀಳುವುದಿಲ್ಲ, ಲೆವಿ ಬಾಡಿಯಲ್ಲಿ ಬೀಳುತ್ತದೆ. ಎರಡನ್ನೂ ಬೇರ್ಪಡಿಸಲು ಈ ಸ್ಕ್ಯಾನ್ ನೆರವಾಗುವುದು ಇದೇ ಕಾರಣಕ್ಕೆ.

ಎಷ್ಟು ನಂಬಬಹುದು? ಐಯೋಫ್ಲುಪೇನ್ ಎಂಬ ದ್ರವ್ಯ ಬಳಸಿ 326 ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆವಿ ಬಾಡಿ ಇರುವವರನ್ನು ಇದು ಸುಮಾರು ಶೇ 78ರಷ್ಟು ಸಲ ಗುರುತಿಸಿತು. ಬೇರೆ ಡಿಮೆನ್ಶಿಯಾ ಇರುವವರನ್ನು 'ಇವರಲ್ಲ' ಎಂದು ಸುಮಾರು ಶೇ 90ರಷ್ಟು ಸಲ ಸರಿಯಾಗಿ ಹೊರಗಿಟ್ಟಿತು. ಆದರೆ ಅಲ್ಲಿ ಹೋಲಿಸಿದ್ದು ವೈದ್ಯರ ಅಭಿಪ್ರಾಯದೊಂದಿಗೆ. ಹೆಚ್ಚು ತೂಕದ್ದು 2017ರಲ್ಲಿ ನ್ಯೂಕ್ಯಾಸಲ್ ತಂಡ ಪ್ರಕಟಿಸಿದ ಅಧ್ಯಯನ. ಬದುಕಿದ್ದಾಗ ಸ್ಕ್ಯಾನ್ ಆಗಿದ್ದವರ ಮೆದುಳನ್ನು ಸಾವಿನ ನಂತರ ಪರೀಕ್ಷಿಸಿ ತಾಳೆ ನೋಡಲಾಯಿತು. ಅಲ್ಲಿಯೂ ಅಂಕಿಗಳು ಕ್ರಮವಾಗಿ ಶೇ 80 ಮತ್ತು ಶೇ 92. ಯುರೋಪಿನಲ್ಲಿ 2006ರಲ್ಲೇ ಲೆವಿ ಬಾಡಿ ಪತ್ತೆಗೆ ಇದಕ್ಕೆ ಅನುಮತಿ ಸಿಕ್ಕಿತ್ತು, ಅಮೆರಿಕದ ಎಫ್‌ಡಿಎ ಅದನ್ನು ಕೊಟ್ಟಿದ್ದು 2022ರಲ್ಲಿ.

ಈ ಅಂಕಿಗಳನ್ನು ಮನೆ ಮಾತಿಗೆ ಇಳಿಸಿದರೆ: ಸ್ಕ್ಯಾನ್ ಸ್ಪಷ್ಟವಾಗಿ ಅಸಹಜವಾಗಿದ್ದರೆ ಅದು ಬಲವಾದ ಸಾಕ್ಷಿ. ಸಹಜವಾಗಿದ್ದರೆ ನಿಟ್ಟುಸಿರು ಬಿಡುವಂತಿಲ್ಲ, ಏಕೆಂದರೆ ಲೆವಿ ಬಾಡಿ ಇರುವ ಐವರಲ್ಲಿ ಸುಮಾರು ಒಬ್ಬರು ಇದರ ಕಣ್ಣು ತಪ್ಪಿಸುತ್ತಾರೆ. ಕೆಲವರಲ್ಲಿ ಕಾಯಿಲೆ ಮೊದಲು ಹೊರಪದರವನ್ನು ಹಿಡಿದು, ಡೋಪಮಿನ್ ನರಗಳಿಗೆ ತಡವಾಗಿ ಬರುತ್ತದೆ. ಲಕ್ಷಣ ಮುಂದುವರಿದರೆ ಒಂದೆರಡು ವರ್ಷದ ನಂತರ ಮತ್ತೆ ಸ್ಕ್ಯಾನ್ ಮಾಡಿಸುವುದುಂಟು.

ಇನ್ನೊಂದು ಮಿತಿ ದೊಡ್ಡದು. ಪಾರ್ಕಿನ್ಸನ್‌ನಲ್ಲೂ ಚಿತ್ರ ಹೀಗೇ ಬರುತ್ತದೆ. ಹಾಗಾಗಿ 'ಇದು ಪಾರ್ಕಿನ್ಸನ್ನೋ ಲೆವಿ ಬಾಡಿಯೋ' ಎಂಬ ಪ್ರಶ್ನೆಗೆ ಈ ಸ್ಕ್ಯಾನ್ ಉತ್ತರ ಕೊಡದು. ಅಲ್ಲಿ ಕೆಲಸಕ್ಕೆ ಬರುವುದು ಕ್ಯಾಲೆಂಡರ್. ಡಿಮೆನ್ಶಿಯಾ ಮೊದಲು ಬಂದಿದ್ದರೆ, ಅಥವಾ ಬಿಗಿತ ನಡುಕ ಶುರುವಾದ ಒಂದು ವರ್ಷದೊಳಗೆ ಬಂದಿದ್ದರೆ ಅದನ್ನು ಲೆವಿ ಬಾಡಿ ಡಿಮೆನ್ಶಿಯಾ ಎನ್ನುತ್ತಾರೆ. ವರ್ಷಗಟ್ಟಲೆ ಪಾರ್ಕಿನ್ಸನ್ ಇದ್ದು ಆಮೇಲೆ ಮರೆವು ಬಂದರೆ ಅದು ಪಾರ್ಕಿನ್ಸನ್ ಡಿಮೆನ್ಶಿಯಾ. ಮೆದುಳಿನೊಳಗಿನ ಉಂಡೆಗಳಿಗೆ ಈ ಒಂದು ವರ್ಷದ ಗಡಿ ಗೊತ್ತಿಲ್ಲ. ವೈದ್ಯರು ತಮ್ಮ ಅನುಕೂಲಕ್ಕೆ ಎಳೆದುಕೊಂಡ ಗೆರೆ ಅದು.

ಸಕ್ಕರೆ ತೋರಿಸುವ ದಾರಿ

ಕ್ಯಾನ್ಸರ್ ರೋಗಿಗಳಿಂದಾಗಿ ಪೆಟ್ ಸ್ಕ್ಯಾನ್ ಎಂಬ ಹೆಸರು ಈಗ ಎಲ್ಲರಿಗೂ ಪರಿಚಿತ. ಅದೇ ಯಂತ್ರ, ಅದೇ ಎಫ್‌ಡಿಜಿ ಎಂಬ ಸಕ್ಕರೆಯಂಥ ದ್ರವ್ಯ ಮೆದುಳಿಗೂ ಬಳಕೆಯಾಗುತ್ತದೆ. ಚುರುಕಾಗಿರುವ ಭಾಗ ಹೆಚ್ಚು ಸಕ್ಕರೆ ಬಳಸುತ್ತದೆ, ಮಂಕಾದ ಭಾಗ ಕಡಿಮೆ. ಲೆವಿ ಬಾಡಿಯಲ್ಲಿ ತಲೆಯ ಹಿಂಭಾಗದ, ದೃಷ್ಟಿಯನ್ನು ನೋಡಿಕೊಳ್ಳುವ ಆಕ್ಸಿಪಿಟಲ್ ಭಾಗ ಮಂಕಾಗಿ ಕಾಣುವುದು ವಿಶೇಷ. ಅಲ್ಝೈಮರ್ಸ್‌ನಲ್ಲಿ ಆ ಭಾಗ ಸಾಮಾನ್ಯವಾಗಿ ಉಳಿದಿರುತ್ತದೆ. ಇನ್ನೊಂದು ಗುರುತಿಗೆ ವೈದ್ಯರು ಇಟ್ಟ ಹೆಸರು 'ಸಿಂಗ್ಯುಲೇಟ್ ದ್ವೀಪ'. ಸುತ್ತಲೂ ಮಂಕಾದ ಭಾಗಗಳ ನಡುವೆ ಸಿಂಗ್ಯುಲೇಟ್ ಎಂಬ ಜಾಗದ ಹಿಂತುದಿ ಮಾತ್ರ ದ್ವೀಪದಂತೆ ಹೊಳೆಯುತ್ತಿರುತ್ತದೆ. ಅಲ್ಝೈಮರ್ಸ್‌ನಲ್ಲಿ ಮೊದಲು ಮಂಕಾಗುವುದೇ ಆ ಜಾಗ. ಮಾನದಂಡದಲ್ಲಿ ಇದಕ್ಕೆ ಪೋಷಕ ಸ್ಥಾನವಷ್ಟೇ ಇದೆ. ಇದೊಂದನ್ನೇ ಹಿಡಿದು ತೀರ್ಮಾನಿಸುವುದಿಲ್ಲ.

ಅಮಿಲಾಯ್ಡ್ ಪೆಟ್ ಎಂಬ ಇನ್ನೊಂದು ಸ್ಕ್ಯಾನ್ ಬಗ್ಗೆ ಈಚೆಗೆ ಹೆಚ್ಚು ಸುದ್ದಿಯಿದೆ. ಈ ಪ್ರಶ್ನೆಗೆ ಅದು ಅಷ್ಟಾಗಿ ನೆರವಾಗದು. ಲೆವಿ ಬಾಡಿ ಇರುವ ಅನೇಕರ ಮೆದುಳಿನಲ್ಲೂ ಅಮಿಲಾಯ್ಡ್ ಸೇರಿಕೊಂಡಿರುತ್ತದೆ.

ಮೆದುಳಿನ ಕಾಯಿಲೆಗೆ ಹೃದಯದ ಚಿತ್ರ

ಕೇಳಿದವರಿಗೆ ವಿಚಿತ್ರ ಎನಿಸುವುದು ಎಂಐಬಿಜಿ ಸ್ಕ್ಯಾನ್. ಇದರಲ್ಲಿ ನೋಡುವುದು ಹೃದಯವನ್ನು. ಲೆವಿ ಬಾಡಿ ಕಾಯಿಲೆ ಮೆದುಳಿಗಷ್ಟೇ ನಿಲ್ಲದೆ ಹೃದಯಕ್ಕೆ ಹೋಗುವ ಸಿಂಪಥೆಟಿಕ್ ನರಗಳನ್ನೂ ಹಾಳುಮಾಡುತ್ತದೆ. ಹಾಗಾಗಿ ಆ ನರಗಳು ಹೀರಿಕೊಳ್ಳಬೇಕಾದ ದ್ರವ್ಯ ಹೃದಯದಲ್ಲಿ ಕಾಣುವುದೇ ಇಲ್ಲ ಅಥವಾ ತೀರಾ ಕಡಿಮೆ ಕಾಣುತ್ತದೆ. ಜಪಾನಿನಲ್ಲಿ ಇದರ ಬಳಕೆ ವ್ಯಾಪಕ. ಅಲ್ಲಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಲೆವಿ ಬಾಡಿಯನ್ನು ಗುರುತಿಸಿದ್ದು ಶೇ 69ರಷ್ಟು, ಅಲ್ಝೈಮರ್ಸ್ ಅನ್ನು ಹೊರಗಿಟ್ಟಿದ್ದು ಶೇ 89ರಷ್ಟು.

ಭಾರತೀಯರಿಗೆ ಇಲ್ಲೊಂದು ತೊಡಕಿದೆ. ಹಳೆಯ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗ ಕೂಡ ಹೃದಯದ ಈ ನರಗಳನ್ನು ಹಾಳುಮಾಡುತ್ತವೆ. ಎಪ್ಪತ್ತರ ವಯಸ್ಸಿನಲ್ಲಿ ಇವು ಇರುವವರು ಕಡಿಮೆಯೇನಿಲ್ಲ. ಕೆಲವು ಖಿನ್ನತೆ ಮತ್ತು ರಕ್ತದೊತ್ತಡದ ಮಾತ್ರೆಗಳೂ ಫಲಿತಾಂಶವನ್ನು ಕೆಡಿಸುತ್ತವೆ.

ನಮ್ಮ ನಗರಗಳಲ್ಲಿ ಏನು ಲಭ್ಯ?

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಎಲ್ಲ ಬಗೆಯ ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆ ಅಂದಾಜಿಸಿದೆ. ಐಯೋಫ್ಲುಪೇನ್‌ಗೆ ಬೇಕಾದ ಅಯೋಡಿನ್-123 ಸೈಕ್ಲೋಟ್ರಾನ್‌ನಲ್ಲಿ ತಯಾರಾಗಬೇಕು, ಸುಮಾರು 13 ಗಂಟೆಗೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಇಲ್ಲಿ ಹೆಚ್ಚಾಗಿ ಬಳಸುವುದು ಟ್ರೋಡ್ಯಾಟ್ ಎಂಬ ದ್ರವ್ಯ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದನ್ನು, ಮೂಳೆ ಮತ್ತು ಥೈರಾಯ್ಡ್ ಸ್ಕ್ಯಾನ್‌ಗೆ ಬಳಸುವ ಟೆಕ್ನೀಶಿಯಂ-99ಎಂ ಜೊತೆ ಸೇರಿಸಿ ಆಸ್ಪತ್ರೆಯಲ್ಲೇ ತಯಾರಿಸಿಕೊಳ್ಳಬಹುದು. ಖರ್ಚೂ ಕಡಿಮೆ. ಕೆಲವು ಕೇಂದ್ರಗಳು ಫ್ಲೋರೋಡೋಪಾ ಪೆಟ್ ಮಾಡುತ್ತವೆ. ಅದು ನೋಡುವುದು ಟ್ರಾನ್ಸ್‌ಪೋರ್ಟರ್ ಅನ್ನಲ್ಲ, ಡೋಪಮಿನ್ ತಯಾರಿಸುವ ಸಾಮರ್ಥ್ಯವನ್ನು. ದೊಡ್ಡ ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ವಿಚಾರಿಸಿದರೆ ಯಾವುದು ಲಭ್ಯ ಎಂದು ಗೊತ್ತಾಗುತ್ತದೆ.

ಮಾಡಿಸಲು ಹೊರಟವರು ಎರಡು ವಿಷಯ ನೆನಪಿಡಬೇಕು. ಒಂದು, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಬ್ಯುಪ್ರೊಪಿಯಾನ್, ಮಿಥೈಲ್‌ಫೆನಿಡೇಟ್‌ನಂಥವು ಟ್ರಾನ್ಸ್‌ಪೋರ್ಟರ್‌ನ ಜಾಗವನ್ನೇ ಹಿಡಿದು ಸುಳ್ಳು ಚಿತ್ರ ಕೊಡಬಲ್ಲವು. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಎಂದು ವೈದ್ಯರೇ ಹೇಳಬೇಕು, ಮನೆಯಲ್ಲೇ ನಿಲ್ಲಿಸುವಂತಿಲ್ಲ. ಎರಡು, ಸಮಯ. ಇಂಜೆಕ್ಷನ್ ಆದ ಮೇಲೆ ಗಂಟೆಗಟ್ಟಲೆ ಕಾಯಬೇಕು, ನಂತರ ಅರ್ಧ ಗಂಟೆಗೂ ಮಿಕ್ಕಿ ತಲೆ ಅಲುಗಿಸದೆ ಮಲಗಬೇಕು. ಮಧ್ಯಾಹ್ನಕ್ಕೆ ಗೊಂದಲ ಹೆಚ್ಚುವ ವ್ಯಕ್ತಿಯನ್ನು ಇಡೀ ದಿನ ಆಸ್ಪತ್ರೆಯಲ್ಲಿ ಕೂರಿಸುವುದು ಹುಡುಗಾಟವಲ್ಲ, ಪರಿಚಿತ ಮುಖವೊಂದು ಪಕ್ಕದಲ್ಲೇ ಇರಬೇಕು.

ಊರು ಬಿಟ್ಟು ಮಕ್ಕಳ ಮನೆ ಸೇರಿದ ಹಿರಿಯರದ್ದು ಬೇರೆಯೇ ಸಮಸ್ಯೆ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಬದುಕು ಕಳೆದವರನ್ನು ಪುಣೆಯ ಕ್ಲಿನಿಕ್ಕಿನಲ್ಲಿ ಕೂರಿಸಿ ಮರಾಠಿಯಲ್ಲೋ ಹಿಂದಿಯಲ್ಲೋ "ಇವತ್ತು ಯಾವ ವಾರ, ನೂರರಿಂದ ಏಳು ಕಳೆಯಿರಿ" ಎಂದರೆ ಅಂಕ ಕಡಿಮೆ ಬರುವುದು ಕಾಯಿಲೆಯಿಂದಲೋ ಭಾಷೆಯಿಂದಲೋ ತಿಳಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿರುವ ಅರಿವಿನ ಪರೀಕ್ಷೆಗಳು ಐದು ಭಾರತೀಯ ಭಾಷೆಗಳಲ್ಲಿದ್ದು, ಅದರಲ್ಲಿ ಕನ್ನಡವೂ ಒಂದು. ಕನ್ನಡದಲ್ಲಿ ಪರೀಕ್ಷೆ ಮಾಡಿಸಲು ಸಾಧ್ಯವೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಗಾಮಾ ಕ್ಯಾಮೆರಾಗೆ ಭಾಷೆ ಬೇಡ, ನಿಜ. ಆದರೆ ಭ್ರಮೆ ಕಾಣುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬರಬೇಕಾದದ್ದು ರೋಗಿಯ ಮಾತಿನಲ್ಲೇ.

ಮುಂದೇನು?

ಆಲ್ಫಾ ಸೈನ್ಯೂಕ್ಲಿನ್‌ಗೇ ನೇರವಾಗಿ ಅಂಟಿಕೊಂಡು, ಲೆವಿ ಬಾಡಿಯನ್ನು ಬದುಕಿರುವಾಗಲೇ ತೋರಿಸುವ ಪೆಟ್ ದ್ರವ್ಯಕ್ಕಾಗಿ ಹುಡುಕಾಟ ಜೋರಾಗಿದೆ. ಉಂಡೆಗಳು ಕೋಶದೊಳಗೆ ಅಡಗಿರುವುದು, ಪ್ರಮಾಣ ತೀರಾ ಕಡಿಮೆ ಇರುವುದು ವಿಜ್ಞಾನಿಗಳಿಗೆ ತಲೆನೋವಾಗಿದೆ. ಅಷ್ಟರಲ್ಲಿ ಸ್ಕ್ಯಾನ್ ಅಲ್ಲದ ದಾರಿಗಳು ಮುಂದೆ ಬಂದಿವೆ. ಚರ್ಮದ ಸಣ್ಣ ಚೂರು ತೆಗೆದು ಅದರ ನರಗಳಲ್ಲಿ ಈ ಪ್ರೋಟೀನ್ ಹುಡುಕುವ ಪರೀಕ್ಷೆಯ ಫಲಿತಾಂಶ 2024ರಲ್ಲಿ ಅಮೆರಿಕದ 'ಜಾಮಾ' ಪತ್ರಿಕೆಯಲ್ಲಿ ಪ್ರಕಟವಾಯಿತು. ಲೆವಿ ಬಾಡಿ ಡಿಮೆನ್ಶಿಯಾ ಇದ್ದ 50 ಜನರಲ್ಲಿ ಶೇ 96ರಷ್ಟು ಮಂದಿಯಲ್ಲಿ ಅದು ಸಿಕ್ಕಿತ್ತು. ಬೆನ್ನುಹುರಿಯ ದ್ರವದಲ್ಲಿ ಇದೇ ಪ್ರೋಟೀನ್ ಪತ್ತೆಮಾಡುವ ವಿಧಾನವೂ ಸಂಶೋಧನೆಯಲ್ಲಿ ಒಳ್ಳೆಯ ಫಲ ಕೊಟ್ಟಿದೆ.

ಅಲ್ಲಿಯವರೆಗೆ ಮನೆಯವರ ಕೈಯಲ್ಲಿರುವುದು ಸ್ಕ್ಯಾನ್ ರಿಪೋರ್ಟ್ ಮತ್ತು ಒಂದು ನೋಟ್‌ಬುಕ್. ಯಾವ ದಿನ ಏನು ಕಂಡಿತು, ಎಷ್ಟು ಹೊತ್ತು ಚುರುಕಾಗಿದ್ದರು, ರಾತ್ರಿ ಏನಾಯಿತು ಎಂದು ಅದರಲ್ಲಿ ಬರೆದಿಟ್ಟರೆ ವೈದ್ಯರಿಗೆ ಅನುಕೂಲ. ನೋಟ್‌ಬುಕ್‌ನ ಮೊದಲ ಪುಟದಲ್ಲಿ 'ಲೆವಿ ಬಾಡಿ ಡಿಮೆನ್ಶಿಯಾ ಇದೆ ಅಥವಾ ಅನುಮಾನವಿದೆ, ಹ್ಯಾಲೊಪೆರಿಡಾಲ್ ಕೊಡುವ ಮೊದಲು ನಮ್ಮ ನರರೋಗ ತಜ್ಞರನ್ನು ಕೇಳಿ' ಎಂದು ದಪ್ಪಕ್ಷರದಲ್ಲಿ ಬರೆದು ಫೋನ್ ನಂಬರ್ ಹಾಕಿಡಬೇಕು. ಮಧ್ಯರಾತ್ರಿ ತುರ್ತು ಚಿಕಿತ್ಸಾ ಘಟಕದಲ್ಲಿರುವ ಡ್ಯೂಟಿ ಡಾಕ್ಟರ್ ಹಳೆಯ ಸ್ಕ್ಯಾನಿನ ಸಿಡಿ ತೆರೆದು ನೋಡುವ ಸಾಧ್ಯತೆ ಕಡಿಮೆ.